ಗುಲ್ಮರ್ಗದ ಹಿಮ, ನಮ್ಮ ಅಡುಗೆಮನೆ

2022ರ ಫೆಬ್ರವರಿ 13, ಆದಿತ್ಯವಾರ. ಅರ್ಧ ಬರೆದ ಲೇಖನವನ್ನು ಅಕ್ಕಿ ಡಬ್ಬದ ಮೇಲಿಟ್ಟು, ಮಂಗಳೂರಿನ ಸೆಖೆಯಲ್ಲಿ ನೀರುದೋಸೆ ಹೊಯ್ಯುತ್ತಾ ಅಡುಗೆಮನೆಯ ಬಾಗಿಲಿನಿಂದಲೇ ಟಿ.ವಿ. ನೋಡುತ್ತಿದ್ದೆ. ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆರಿಫ್ ಖಾನ್ ಸ್ಕೀ ಸ್ಪರ್ಧೆಗಿಳಿಯುವ ದಿನವದು. ಭಾರತದಿಂದ ಹೋಗಿದ್ದ ಕ್ರೀಡಾಪಟು ಅವರೊಬ್ಬರೇ.

ಆರಿಫ್‌ರ ಊರು ಕಾಶ್ಮೀರದ ತಂಗ್‌ಮರ್ಗ್ ಬಳಿ. ಕೆಲವು ವರ್ಷಗಳ ಹಿಂದೆ ನಾವೂ ಅಲ್ಲಿ ಬೂಟು, ಕೋಟು ಬಾಡಿಗೆಗೆ ಪಡೆದು ಗುಲ್ಮರ್ಗದ ಬೆಟ್ಟ ಹತ್ತಿದ್ದೆವು. ಎಲ್ಲಿ ನೋಡಿದರೂ ಹಿಮ, ಹಿಮದ ನಡುವೆ ದೇವದಾರು ಮರಗಳು. ಹೆಜ್ಜೆಗೊಮ್ಮೆ ಜಾರಿ ಬೀಳುತ್ತಿದ್ದ ನನ್ನನ್ನು, ಪ್ರವಾಸಿಗರನ್ನು ಕೂರಿಸಿ ಹಿಮಗಾಡಿ ಎಳೆಯುವ ಹುಡುಗನೊಬ್ಬ ಕೈಹಿಡಿದು ಎಬ್ಬಿಸಿದ್ದ. ಅಲ್ಲಿನವರಿಗೆ ಹಿಮವೇ ಅನ್ನ. ಆರಿಫ್‌ರ ತಂದೆಯೂ ಗುಲ್ಮರ್ಗದಲ್ಲಿ ಸ್ಕೀ ಸಾಮಾನಿನ ಅಂಗಡಿ ಇಟ್ಟವರು. ನಾಲ್ಕನೇ ವಯಸ್ಸಿಗೇ ಸ್ಕೀ ಕಟ್ಟಿದ ಮಗನಿಗೆ ಹಣದ ಕೊರತೆಯಿಂದ 2018ರ ಒಲಿಂಪಿಕ್ಸ್ ಕೈತಪ್ಪಿತ್ತು.

ಆ ದಿನ ಬೀಜಿಂಗ್‌ನ ಬೆಟ್ಟದಲ್ಲಿ ಒಂದೇ ಸಮನೆ ಹಿಮ ಸುರಿಯುತ್ತಿತ್ತು. ನಲವತ್ತಕ್ಕೂ ಹೆಚ್ಚು ಸ್ಪರ್ಧಿಗಳು ಕೊನೆ ಮುಟ್ಟಲೇ ಇಲ್ಲ. ಆರಿಫ್ ಮುಟ್ಟಿದರು. 45ನೇ ಸ್ಥಾನ.

"ಗೆಲ್ಲಲಿಲ್ಲವಲ್ಲ ಉಮ್ಮಾ?" ಎಂದ ಮಗ. ಕಾಲೇಜು ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತೆಂದು ಪುಸ್ತಕ ಕಟ್ಟಿಟ್ಟು ತಿಂಗಳಾಗಿತ್ತು.

"ಆ ಹಿಮದಲ್ಲಿ ಕೆಳಗಿನವರೆಗೆ ಬಂದರಲ್ಲ ಮಗಾ, ಅದನ್ನು ನೋಡಿದೆಯಾ?" ಎಂದೆ. ಅವನು ಉತ್ತರಿಸಲಿಲ್ಲ. ನಾನೂ ಬಂಗುಡೆ ಸಾರಿನ ಕಡೆ ತಿರುಗಿದೆ.

ಇಶಾ ನಮಾಝ್ ಮುಗಿಸಿ ಊಟಕ್ಕೆ ಕುಳಿತಾಗ ತಾನಾಗಿಯೇ ಹೇಳಿದ: "ಉಮ್ಮಾ, ನಾಳೆ ಹೋಗಿ ಪರೀಕ್ಷೆಯ ಫೀಸ್ ಕಟ್ಟಿ ಬರುತ್ತೇನೆ."

ಅಲ್‌ಹಮ್ದುಲಿಲ್ಲಾಹ್ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಪಾತ್ರೆ ತೊಳೆದಿಟ್ಟು, ಅಕ್ಕಿ ಡಬ್ಬದ ಮೇಲಿದ್ದ ಲೇಖನವನ್ನು ಕೈಗೆತ್ತಿಕೊಂಡೆ.