ಅರ್ಧ ಗೇಣಿನ ನ್ಯಾಟ್

ಮಾದರಿ ವಿಮಾನಗಳ ಹಳೆಯ ಪ್ಲಾಸ್ಟಿಕ್ ಕಿಟ್ ಎಂದರೆ ನನಗೆ ಪ್ರಾಣ. ಈಗಿನ ಕಿಟ್‌ಗಳಲ್ಲಿ ಎಲ್ಲವೂ ಕರಾರುವಾಕ್ಕು. ಅಂಟು ಸೋಕಿದರೆ ಸಾಕು, ಬಿಡಿಭಾಗಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಹಳೆಯದರಲ್ಲಿ ರೆಕ್ಕೆಗೂ ಒಡಲಿಗೂ ನಡುವೆ ಸಂದು ಬಿಡುತ್ತದೆ, ಚಕ್ರಗಳು ದುಂಡಗಿರುವುದಿಲ್ಲ, ಕಾಕ್‌ಪಿಟ್‌ನಲ್ಲಿ ಸೀಟು ಮತ್ತು ಪೈಲಟ್ ಬೊಂಬೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಅದನ್ನೆಲ್ಲ ಸರಿಮಾಡಬೇಕಾದರೆ ನಿಜವಾದ ವಿಮಾನವನ್ನು ಚೆನ್ನಾಗಿ ನೋಡಿರಬೇಕು. ಹೊಸ ಕಿಟ್ ಜೋಡಿಸುವವನು ಸೂಚನೆಯ ಹಾಳೆ ನೋಡಿದರೆ ಸಾಕಾಗುತ್ತದೆ. ಹಳೆಯದನ್ನು ಕೈಗೆತ್ತಿಕೊಂಡವನಿಗೆ ವಿಮಾನವನ್ನೇ ಓದದೆ ಗತ್ಯಂತರವಿಲ್ಲ.

ಏರ್‌ಫಿಕ್ಸ್‌ನವರ ಹಳೆಯ ನ್ಯಾಟ್ ಜೆಟ್ ಕಿಟ್ 1960ರ ದಶಕದ ಅಚ್ಚು. ಅಳತೆ 1/72, ಅಂದರೆ ಆರಡಿ ಆಳು ಒಂದಂಗುಲಕ್ಕೆ ಇಳಿಯುತ್ತಾನೆ. ಆದರೆ ಪೆಟ್ಟಿಗೆಯಲ್ಲಿರುವುದು ಬ್ರಿಟಿಷ್ ವಾಯುಪಡೆಯ ಎರಡು ಸೀಟಿನ ತರಬೇತಿ ವಿಮಾನ. ರೆಡ್ ಆರೋಸ್ ತಂಡದವರು 1965ರಿಂದ 1979ರವರೆಗೆ ಕೆಂಪು ಬಳಿದು ಹಾರಿಸಿದ್ದು ಅದನ್ನೇ. ನನಗೆ ಬೇಕಾದದ್ದು ಒಂಟಿ ಸೀಟಿನ ಫೈಟರ್, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ನ್ಯಾಟ್. ಈಚಿನ ವರ್ಷಗಳಲ್ಲಿ ಜೆಕ್ ದೇಶದ ಸ್ಪೆಷಲ್ ಹಾಬಿಯವರು ಒಂಟಿ ಸೀಟಿನದನ್ನೇ ಅಚ್ಚುಕಟ್ಟಾಗಿ ಹೊರತಂದಿದ್ದಾರೆ. ಬೇಕೆಂದವರು ಅದನ್ನು ಕೊಳ್ಳಬಹುದು. ನಾನಂತೂ ಹಳೆಯದನ್ನೇ ಕತ್ತರಿಸುತ್ತೇನೆ.

ಈ ವಿಮಾನದ ಹುಟ್ಟೇ ಒಂದು ಹಟದ ಫಲ. ಕ್ಯಾನ್‌ಬೆರಾ ಬಾಂಬರ್‌ನ ವಿನ್ಯಾಸಕಾರ ಟೆಡ್ಡಿ ಪೆಟರ್‌ಗೆ ಜೆಟ್ ಫೈಟರ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗಿ, ದುಬಾರಿಯಾಗಿ ಬೆಳೆಯುತ್ತಿರುವುದು ಸರಿಕಾಣಲಿಲ್ಲ. ಫಾಲಂಡ್ ಕಂಪನಿಯಲ್ಲಿ ಕೂತು ಆತ ರೂಪಿಸಿದ ನ್ಯಾಟ್ 1955ರ ಜುಲೈನಲ್ಲಿ ಹಾರಿತು. ಬ್ರಿಟಿಷ್ ವಾಯುಪಡೆ ಅದನ್ನು ಫೈಟರ್ ಆಗಿ ತೆಗೆದುಕೊಳ್ಳಲಿಲ್ಲ. ನಾವು ತೆಗೆದುಕೊಂಡೆವು. 1956ರಲ್ಲಿ ಲೈಸೆನ್ಸ್ ಒಪ್ಪಂದವಾಯಿತು, ವಿಮಾನವಷ್ಟೇ ಅಲ್ಲ, ಅದರ ಆರ್ಫಿಯಸ್ ಎಂಜಿನ್ ಕೂಡ ಬೆಂಗಳೂರಿನಲ್ಲೇ ತಯಾರಾಯಿತು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತಿರುವ ಫೈಟರ್ ಮರುತ್‌ಗೂ ಶಕ್ತಿ ಕೊಟ್ಟದ್ದು ಅದೇ ಜಾತಿಯ ಎಂಜಿನ್ನು, ಅದಕ್ಕೆ ಎರಡು. 1965ರ ಸೆಪ್ಟೆಂಬರಿನಲ್ಲಿ ಟ್ರೆವರ್ ಕೀಲರ್, ಪಠಾನಿಯಾ ಅವರು ಪಾಕಿಸ್ತಾನದ ಸೇಬರ್‌ಗಳನ್ನು ಎದುರಿಸಿದ್ದು ನ್ಯಾಟ್‌ನಲ್ಲಿ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಒಬ್ಬರೇ ಹೋರಾಡಿ ಮಡಿದದ್ದೂ ನ್ಯಾಟ್‌ನಲ್ಲಿಯೇ. ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರ ಅವರದು. ಇಂಥ ವಿಮಾನ ಮೇಜಿನ ಮೇಲೆ ತಪ್ಪು ರೆಕ್ಕೆ ಹೊತ್ತು ನಿಲ್ಲುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಮೊದಲು ಗರಗಸದ ಕೆಲಸ. ಹಿಂದಿನ ಸೀಟಿನ ಜಾಗದಲ್ಲಿ ಒಡಲನ್ನು ಕುಯ್ದು ಒಂದು ಸೆಂಟಿಮೀಟರಿನ ಆಸುಪಾಸು ತೆಗೆಯಬೇಕು. ರೆಕ್ಕೆಯ ತುದಿಯಲ್ಲಿ ಒಂದೊಂದು ಬದಿಗೂ ನಾಲ್ಕು ಮಿಲಿಮೀಟರಿನಷ್ಟು ಹೋಗಬೇಕು, ಅಗಲವನ್ನೂ ಇಳಿಸಬೇಕು. ಬಾಲದ್ದೂ ಅದೇ ಕತೆ. ಅಷ್ಟಕ್ಕೇ ಮುಗಿಯುವುದಿಲ್ಲ. ತರಬೇತಿ ವಿಮಾನದಲ್ಲಿ ಏಲರಾನ್‌ಗಳು ರೆಕ್ಕೆಯ ತುದಿಯ ಕಡೆಗಿವೆ, ಫ್ಲಾಪ್‌ಗಳು ಒಳಗಿವೆ. ಫೈಟರ್‌ನಲ್ಲಿ ಏಲರಾನ್ ಒಡಲಿನ ಪಕ್ಕಕ್ಕೇ ಇದೆ, ಇಳಿಯುವಾಗ ಅದೇ ಬಾಗಿ ಫ್ಲಾಪ್ ಆಗುತ್ತದೆ. ಹಾಗಾಗಿ ಕಿಟ್‌ನವರು ಕೊಟ್ಟ ಗೆರೆ ತುಂಬಿಸಿ ಹೊಸ ಗೆರೆ ಕೊರೆಯಬೇಕು. ನೋಡಿದವರಲ್ಲಿ ಎಷ್ಟು ಜನರಿಗೆ ಇದು ತಿಳಿದೀತೋ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ರಿವೆಟ್‌ಗಳ ವಿಷಯಕ್ಕೆ ಬರುತ್ತೇನೆ. ಆ ಕಾಲದ ಅಚ್ಚುಗಳಲ್ಲಿ ರಿವೆಟ್ಟೂ ತಗಡಿನ ಅಂಚೂ ಉಬ್ಬಿಕೊಂಡಿರುತ್ತವೆ. ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಗುಬುಟು ಎಂದರೂ ನಿಜದ ವಿಮಾನದಲ್ಲಿ ಎರಡು ಸೆಂಟಿಮೀಟರು ದಾಟಿತು! ಎಮರಿ ಪೇಪರನ್ನು ನೀರಲ್ಲಿ ನೆನೆಸಿ, 400ರಿಂದ ಹಿಡಿದು 2000ದವರೆಗೆ ಮೆಲ್ಲಗೆ ಉಜ್ಜುತ್ತಾ ಹೋಗಬೇಕು. ಬೆರಳ ತುದಿಗೆ ಮೊದಲು ತರಿ ತರಿ, ಆಮೇಲೆ ಸಣ್ಣ ಮರಳು, ಕೊನೆಗೆ ಏನೂ ಇಲ್ಲ. ಕಣ್ಣಿಗಿಂತ ಬೆರಳನ್ನು ನಂಬುವುದು ವಾಸಿ. ಉಜ್ಜಿದ್ದಾದ ಮೇಲೆ ಉಕ್ಕಿನ ಸೂಜಿಯಿಂದ ಗೆರೆಗಳನ್ನು ಒಳಕ್ಕೆ ಕೊರೆಯುತ್ತೇನೆ. ಒತ್ತಿ ಒಮ್ಮೆ ಎಳೆಯುವುದಕ್ಕಿಂತ ಹಗುರವಾಗಿ ಹಲವು ಸಲ ಎಳೆದರೆ ಗೆರೆ ನೇರ ನಿಲ್ಲುತ್ತದೆ.

ಸಂದುಗಳಿಗೆ ಪುಟ್ಟಿಗಿಂತ ಒಳ್ಳೆಯ ಉಪಾಯ ಒಂದಿದೆ. ಬಿಡಿಭಾಗಗಳನ್ನು ಕಿತ್ತ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಉರಿಗೆ ತಾಗಿಸದೆ ಮೇಲೆ ಹಿಡಿದು ತಿರುಗಿಸುತ್ತಿದ್ದರೆ ನಡುವೆ ಹೊಳಪು ಬಂದು ಬಳುಕುತ್ತದೆ. ಆಗ ಉರಿಯಿಂದ ಆಚೆ ತೆಗೆದು ಎರಡೂ ಕೈಯಿಂದ ಎಳೆದರೆ ಬೆಲ್ಲದ ಪಾಕದಂತೆ ಎಳೆ ಬರುತ್ತದೆ. ನಿಧಾನಕ್ಕೆ ಎಳೆದರೆ ದಪ್ಪ, ಬೇಗ ಎಳೆದರೆ ಸಪೂರ. ದಪ್ಪ ಎಳೆಯನ್ನು ರೆಕ್ಕೆಯ ಬುಡದ ಸಂದಿನಲ್ಲಿ ಕೂರಿಸಿ ಅಂಟು ಹಚ್ಚಿದರೆ ಅದೂ ಇದೂ ಕರಗಿ ಒಂದೇ ಆಗುತ್ತದೆ. ಸಪೂರದ್ದು ಕಾಕ್‌ಪಿಟ್‌ನ ವೈರುಗಳಿಗೆ. ಕಿಟ್‌ನದೇ ಪ್ಲಾಸ್ಟಿಕ್ಕಿನಿಂದ ಕಿಟ್‌ನ ಕೊರತೆ ತುಂಬುವ ಈ ವಿದ್ಯೆ ಕಂಡುಹಿಡಿದವರಿಗೆ ನಮಸ್ಕಾರ.

ತರಬೇತಿ ವಿಮಾನಕ್ಕೆ ತೋಪಿಲ್ಲ. ಫೈಟರ್‌ಗೆ ಗಾಳಿಬಾಯಿಯ ಹೊರಮಗ್ಗುಲಲ್ಲಿ ಅತ್ತಲೊಂದು ಇತ್ತಲೊಂದು 30 ಮಿಲಿಮೀಟರ್ ಏಡನ್ ತೋಪು. ರಂಧ್ರ ಕೊರೆದು ಇಂಜೆಕ್ಷನ್ ಸೂಜಿಯ ತುಂಡು ಸಿಕ್ಕಿಸುತ್ತೇನೆ. ಉಕ್ಕಿನ ಕೊಳವೆಗೆ ಉಕ್ಕಿನ ಕೊಳವೆಯೇ ಸರಿ. ಪೈಲಟ್ ತಲೆಯ ಮೇಲಿನ ಕ್ಯಾನೊಪಿಯ ಅಚ್ಚಿಗೆ ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆ ಮರದ ತುಂಡು. ಎಳೆಗಳು ನಯವಾಗಿರುವುದರಿಂದ ಕೆತ್ತಿ ತೀಡಿದರೆ ಗಾಜಿನಷ್ಟು ನುಣುಪು ಬರುತ್ತದೆ. ಪಾರದರ್ಶಕ ಹಾಳೆಯನ್ನು ಬಿಸಿಮಾಡಿ ಅದರ ಮೇಲೆ ಒತ್ತಿದರೆ ತೆಳ್ಳಗಿನ ಗುಳ್ಳೆ ಸಿದ್ಧ. ಮೂತಿಯೊಳಗೆ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಬೇಕು, ಇಲ್ಲವಾದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ.

ಚಕ್ರದ ಬಾಗಿಲುಗಳನ್ನಂತೂ ಕಿಟ್‌ನವು ಬಳಸಲೇಬಾರದು. ನ್ಯಾಟ್‌ನಲ್ಲಿ ಬೇರೆ ಏರ್‌ಬ್ರೇಕ್ ಇಲ್ಲ. ಚಕ್ರಗಳನ್ನು ಬಾಗಿಲ ಸಮೇತ ಅರ್ಧ ಇಳಿಸಿದರೆ ಅವೇ ವೇಗ ತಡೆಯುತ್ತವೆ. ಇಷ್ಟು ಜಾಣ್ಮೆ ಅಡಗಿರುವ ಬಾಗಿಲು ಒಂದು ಮಿಲಿಮೀಟರ್ ದಪ್ಪ, ಅಂದರೆ ನಿಜದ ಲೆಕ್ಕದಲ್ಲಿ ಏಳು ಸೆಂಟಿಮೀಟರ್, ಇರುವುದು ಅನ್ಯಾಯ. ತಂಪುಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕತ್ತರಿಸಿ ಮಾಡಿದರೆ ಸರಿಹೋಗುತ್ತದೆ.

ಬಣ್ಣ 1965ರದು: ಬರೀ ಬೆಳ್ಳಿ. ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚಿಡುವುದಿಲ್ಲ, ಆದ್ದರಿಂದಲೇ ಅಷ್ಟು ಉಜ್ಜಿದ್ದು. ಕೆಳಗೆ ಹೊಳೆಯುವ ಕಪ್ಪು ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಏರ್‌ಬ್ರಷ್‌ನಲ್ಲಿ ತೆಳ್ಳಗೆ ಬಿಡಬೇಕು. ಪೆಟ್ಟಿಗೆಯಲ್ಲಿ ಬರುವುದು ಬ್ರಿಟಿಷರ ಗುರುತು. ನಮ್ಮದನ್ನು ಬ್ಲೇಡ್ ಕಟ್ಟಿದ ಕೈವಾರದಿಂದ ಮಾಸ್ಕಿಂಗ್ ಟೇಪ್ ಕತ್ತರಿಸಿ ನಾನೇ ಬಣ್ಣ ಹಾಕುತ್ತೇನೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು.

ಇನ್ನೊಂದು ಪೆಟ್ಟಿಗೆಯೂ ತಂದಿಟ್ಟಿದ್ದೇನೆ. ಅದು ನ್ಯಾಟ್‌ನಿಂದಲೇ ಬೆಳೆದ ಅಜೀತ್ ಆಗಬೇಕು. 1975ರಲ್ಲಿ ಮೊದಲು ಹಾರಿದ ಅದರಲ್ಲಿ ಎಚ್‌ಎಎಲ್‌ನವರು ಇಂಧನವನ್ನು ರೆಕ್ಕೆಯೊಳಕ್ಕೇ ಸೇರಿಸಿ, ರೆಕ್ಕೆಯ ಕೆಳಗೆ ಆಯುಧ ತೂಗುಹಾಕಲು ನಾಲ್ಕು ಪೈಲಾನ್‌ಗಳಿಗೆ ಅವಕಾಶ ಮಾಡಿದರು. ಹೊರಗಿನ ಜೋಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿಟ್ಟಾಗಿದೆ, ತೀಡುವುದು ಬಾಕಿ.