ಟ್ರೋಮ್ಸೋದಲ್ಲಿ ಬಾಯಿ ಬಿಡದ ಕಾರುಗಳು

ಯುರೋಪಿನ ಭೂಪಟವನ್ನು ಮುಂದೆ ಹರಡಿಕೊಂಡು ನಾರ್ವೆ ದೇಶದ ಕಡಲ ಅಂಚಿನ ಗುಂಟ ಬೆರಳನ್ನು ಮೇಲಕ್ಕೆ ಸರಿಸುತ್ತ ಹೋಗಿ. ಆರ್ಕ್ಟಿಕ್ ವೃತ್ತವನ್ನು ದಾಟಿ ಇನ್ನೂ ಸುಮಾರು 350 ಕಿಲೋಮೀಟರು ಸಾಗಿದರೆ ಟ್ರೋಮ್ಸೋ ನಗರ ಸಿಗುತ್ತದೆ. ಕಡಲು ಮತ್ತು ಹಿಮದ ಬೆಟ್ಟಗಳ ನಡುವೆ, ಒಂದು ಪುಟ್ಟ ದ್ವೀಪದ ಮೇಲೆ ಹಬ್ಬಿಕೊಂಡ ಊರು. ಜನಸಂಖ್ಯೆ 75,000ಕ್ಕೂ ಸ್ವಲ್ಪ ಹೆಚ್ಚು. ದ್ವೀಪವನ್ನು ಆಚೆ ದಡಕ್ಕೆ ಜೋಡಿಸುವ, ಒಂದು ಕಿಲೋಮೀಟರಿಗೂ ಉದ್ದದ ಸೇತುವೆ 1960ರದು. ಅದರ ತುದಿಯಲ್ಲಿ, ಒಂದರ ಹಿಂದೊಂದು ನಿಲ್ಲಿಸಿದ ಬಿಳಿಯ ತ್ರಿಕೋನಗಳಂತೆ ಕಾಣುವ ‘ಆರ್ಕ್ಟಿಕ್ ಕೆಥೆಡ್ರಲ್’ 1965ರದು. ಜಗತ್ತಿನ ತೀರ ಉತ್ತರದ ವಿಶ್ವವಿದ್ಯಾಲಯವೆಂದು ಹೆಸರಾದ ಇಲ್ಲಿನ ವಿದ್ಯಾಪೀಠದ ಬಾಗಿಲು ತೆರೆದದ್ದು 1972ರಲ್ಲಿ.

ನವೆಂಬರ್ ಕೊನೆಯಿಂದ ಜನವರಿಯ ಮಧ್ಯದವರೆಗೆ ಈ ಊರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲಿನ ಹೊತ್ತಿಗೆ ಎರಡು ಮೂರು ಗಂಟೆ ನೀಲಿಯ ಮಬ್ಬು ಬೆಳಕು ಆಡುತ್ತದೆ, ಮತ್ತೆ ಕತ್ತಲು. ಆ ಕತ್ತಲಲ್ಲಿ ಕುಣಿಯುವ ಧ್ರುವಪ್ರಭೆಯನ್ನು ನೋಡಲೆಂದೇ ಪ್ರವಾಸಿಗರು ಸಾಗರ ದಾಟಿ ಬರುತ್ತಾರೆ. ಆದರೆ ಆಕಾಶದಿಂದ ಕಣ್ಣು ತೆಗೆದು ಬೀದಿಯ ಕಡೆಗೆ ನೋಡಿದವರಿಗೆ ಇನ್ನೊಂದು ನೋಟವೂ ಸಿಗುತ್ತದೆ. ದಪ್ಪ ಕೋಟು, ಉಣ್ಣೆಯ ಟೋಪಿ ತೊಟ್ಟ ಗೃಹಸ್ಥರೊಬ್ಬರು ತಮ್ಮ ಕಾರಿನ ಪಕ್ಕೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿರುತ್ತಾರೆ. ತಟ್ಟುತ್ತಾರೆ, ಕಿವಿಗೊಡುತ್ತಾರೆ, ಮತ್ತೆ ತಟ್ಟುತ್ತಾರೆ. ಹಲಸಿನ ಹಣ್ಣು ಬಲಿತಿದೆಯೇ ಎಂದು ನಮ್ಮವರು ತಟ್ಟಿ ನೋಡುವ ಹಾಗೆಯೇ! ಕಾರಿನ ಚಾರ್ಜಿಂಗ್ ಮುಚ್ಚಳ ಮಂಜುಗಡ್ಡೆ ಕಟ್ಟಿ ಅಂಟಿಕೊಂಡಿದೆ. ಅದನ್ನು ಬಿಡಿಸುವ ಕೆಲಸ ನಡೆದಿದೆ.

ಈ ಮುಚ್ಚಳದ ತಾಪತ್ರಯ ಅರ್ಥವಾಗಬೇಕಾದರೆ ನಾರ್ವೆಯ ಕಾರುಗಳ ಕಥೆ ತಿಳಿದಿರಬೇಕು. 2024ರಲ್ಲಿ ಈ ದೇಶದಲ್ಲಿ ಮಾರಾಟವಾದ ಪ್ರತಿ 100 ಹೊಸ ಕಾರುಗಳಲ್ಲಿ ಸುಮಾರು 89 ಬರಿಯ ಬ್ಯಾಟರಿಯಿಂದ ಓಡುವಂಥವು. ಕಡಲಿನಿಂದ ತೈಲ ತೆಗೆದು ಶ್ರೀಮಂತವಾದ ದೇಶ ತನ್ನ ಮಟ್ಟಿಗೆ ಪೆಟ್ರೋಲನ್ನು ಬಿಡುತ್ತಿರುವುದು ಸೋಜಿಗವೇ ಸರಿ. ಇದರ ಮೊದಲ ಹೆಜ್ಜೆಯೂ ಸ್ವಾರಸ್ಯದ್ದು. 1989ರಲ್ಲಿ ‘ಬೆಲೋನಾ’ ಎಂಬ ಪರಿಸರ ಸಂಘಟನೆಯವರು, ‘ಆ-ಹಾ’ ಎಂಬ ಹೆಸರಾಂತ ಹಾಡುಗಾರರ ತಂಡದೊಂದಿಗೆ ಸೇರಿ, ಬ್ಯಾಟರಿ ಜೋಡಿಸಿದ ಫಿಯಟ್ ಪಾಂಡಾ ಕಾರೊಂದನ್ನು ದೇಶಕ್ಕೆ ತಂದರು. ಹೊಗೆಯುಗುಳದ ಗಾಡಿಗೆ ಸುಂಕವೇಕೆ ಎಂದು ರಸ್ತೆಯ ಟೋಲ್ ಕಟ್ಟದೆಯೇ ಓಡಿಸಿದರು. ಸರ್ಕಾರ ಆ ಕಾರನ್ನು ಜಪ್ತಿ ಮಾಡಿತು. ಆದರೆ ಮರುವರ್ಷ, 1990ರಲ್ಲಿ, ಇಂಥ ಕಾರುಗಳಿಗೆ ಆಮದು ತೆರಿಗೆಯ ವಿನಾಯಿತಿ ಬಂತು; 1997ರಲ್ಲಿ ಟೋಲ್ ಮನ್ನಾ ಆಯಿತು; 2001ರಲ್ಲಿ ಮೌಲ್ಯವರ್ಧಿತ ತೆರಿಗೆಯೂ ಹೋಯಿತು. ಕಾರುಗಳು ಹೆಚ್ಚಿದ ಮೇಲೆ ಈಚಿನ ವರ್ಷಗಳಲ್ಲಿ ಈ ರಿಯಾಯಿತಿಗಳನ್ನು ಸ್ವಲ್ಪ ಸ್ವಲ್ಪವಾಗಿ ಮೊಟಕು ಮಾಡಲಾಗುತ್ತಿದೆ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸಣ್ಣ ಪಾತ್ರವುಂಟು. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ‘ರೇವಾ’ ಕಾರು ಮುಂದೆ ನಾರ್ವೆಯ ಗಿರಾಕಿಗಳನ್ನೂ ತಲುಪಿತು. ಬೆಂಗಳೂರಿನ ಹಿತವಾದ ಹವೆಯಲ್ಲಿ ಹುಟ್ಟಿದ ಗಾಡಿಯೂ ಹಿಮದ ರುಚಿ ಕಂಡಿತು!

ಪೆಟ್ರೋಲ್ ಕಾರಿನ ಮುಚ್ಚಳ ವಾರಕ್ಕೊಮ್ಮೆ ತೆರೆದರೆ ಸಾಕು. ವಿದ್ಯುತ್ ಕಾರಿನ ಮುಚ್ಚಳ ಹಾಗಲ್ಲ. ಅನೇಕ ಮನೆಗಳಲ್ಲಿ ಅದು ದಿನಕ್ಕೊಮ್ಮೆ ತೆರೆಯಬೇಕು. ಚಳಿಗಾಲದಲ್ಲಂತೂ ಅದರ ಅಗತ್ಯ ಇನ್ನೂ ಹೆಚ್ಚು. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಒಳಗೆ ಕೂತವರನ್ನು ಬೆಚ್ಚಗಿಡಲಿಕ್ಕೂ ವಿದ್ಯುತ್ತು ಖರ್ಚಾಗುತ್ತದೆ. ಬೇಸಿಗೆಯಲ್ಲಿ 400 ಕಿಲೋಮೀಟರು ಓಡುವ ಕಾರು ಚಳಿಗಾಲದಲ್ಲಿ 300ಕ್ಕೆ ನಿಂತರೆ ಅಲ್ಲಿನವರು ಹುಬ್ಬೇರಿಸುವುದಿಲ್ಲ. ಹೊಟ್ಟೆ ಬೇಗ ಖಾಲಿಯಾಗುವ ಕಾಲದಲ್ಲೇ ಬಾಯಿ ತೆರೆಯದಿದ್ದರೆ ಗತಿಯೇನು?

ಪೇಚಿಗೆ ಸಿಲುಕುವವರು ಯಾರು ಎಂಬುದನ್ನೂ ನೋಡಬೇಕು. ವೃದ್ಧರ, ರೋಗಿಗಳ ಮನೆಮನೆಗೆ ಹೋಗಿ ಔಷಧಿ ಕೊಡುವ, ಇನ್ಸುಲಿನ್ ಚುಚ್ಚುವ, ಗಾಯಕ್ಕೆ ಪಟ್ಟಿ ಕಟ್ಟುವ ಸೇವೆ ನಾರ್ವೆಯಲ್ಲಿ ಸ್ಥಳೀಯ ಪುರಸಭೆಗಳ ಹೊಣೆ. ಹಲವು ಪುರಸಭೆಗಳು ಈ ಕೆಲಸದ ನರ್ಸುಗಳಿಗೆ ವಿದ್ಯುತ್ ಕಾರುಗಳನ್ನೇ ಕೊಟ್ಟಿವೆ. ಬೆಳಗಿನ ಸರದಿ ಮುಗಿಸಿ ಬಂದ ಗಾಡಿ ಮಧ್ಯಾಹ್ನ ಚಾರ್ಜ್ ಆಗದಿದ್ದರೆ ಸಂಜೆಯ ಸರದಿಯ ಮನೆಗಳಲ್ಲಿ ಯಾರೋ ಒಬ್ಬ ಅಜ್ಜಿ ಕಿಟಕಿಯ ಬಳಿ ಕಾಯುತ್ತ ಕೂರಬೇಕಾಗುತ್ತದೆ. ಅಂಗೈಯಗಲದ ಮುಚ್ಚಳವಾದರೂ ಅದು ತಂದೊಡ್ಡುವ ತೊಂದರೆ ಸಣ್ಣದಲ್ಲ.

ಹೆಪ್ಪುಗಟ್ಟುವುದು ಯಾವಾಗ?

ಮುಚ್ಚಳ ಹೆಪ್ಪುಗಟ್ಟುವುದು ತೀರ ಚಳಿ ಬಿದ್ದಾಗ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಇದು ಪೂರ್ತಿ ನಿಜವಲ್ಲ. ಟ್ರೋಮ್ಸೋ ಇಷ್ಟು ಉತ್ತರದಲ್ಲಿದ್ದರೂ ಅಲ್ಲಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹ ಈ ಕರಾವಳಿಯ ಗುಂಟ ಹರಿಯುವುದೇ ಇದಕ್ಕೆ ಕಾರಣ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್ ಮಾತ್ರ ಕೆಳಗೆ. ಮೈನಸ್ 20ರ ಹತ್ತಿರಕ್ಕೆ ಇಳಿಯುವುದೇ ಅಪರೂಪ. ಅದೇ ನಾರ್ವೆಯ ಒಳನಾಡಿನ ಕರಾಶೋಕ್ ಎಂಬ ಊರಿನಲ್ಲಿ 1886ರ ಜನವರಿ 1ರಂದು ಮೈನಸ್ 51.4 ಡಿಗ್ರಿ ದಾಖಲಾಗಿತ್ತು. ದೇಶದ ಅತ್ಯಂತ ಕಡಿಮೆ ಉಷ್ಣತೆ ಇದೇ. ಆದರೆ ಮುಚ್ಚಳದ ಮಟ್ಟಿಗೆ ಹೇಳುವುದಾದರೆ ಒಳನಾಡಿನ ಒಣ ಚಳಿಗಿಂತ ಕರಾವಳಿಯ ಸೌಮ್ಯ ಚಳಿಯೇ ಹೆಚ್ಚು ಕಾಟ ಕೊಡಬಲ್ಲದು!

ಕಾರಣ ಸರಳ. ಮೈನಸ್ 15 ಡಿಗ್ರಿಯಲ್ಲಿ ಬೀಳುವ ಹಿಮ ಅಕ್ಕಿಹಿಟ್ಟಿನಂತೆ ಒಣಗಿರುತ್ತದೆ. ಕುಂಚದಿಂದ ಗುಡಿಸಿದರೆ ಹಾರಿಹೋಗುತ್ತದೆ, ಎಲ್ಲಿಯೂ ಅಂಟುವುದಿಲ್ಲ. ಅಂಟಬೇಕಾದರೆ ಮೊದಲು ನೀರು ಬೇಕು. ಆ ನೀರು ಸಿಗುವುದು ಉಷ್ಣತೆ ಸೊನ್ನೆಯ ಆಚೀಚೆ ಆಡುವ ದಿನಗಳಲ್ಲಿ. ಮಧ್ಯಾಹ್ನ ಎರಡು ಡಿಗ್ರಿಗೇರಿ ಜಿಟಿಜಿಟಿ ಮಳೆ ಬರುತ್ತದೆ. ಹಿಮ ಕರಗುತ್ತದೆ. ಮುಚ್ಚಳಕ್ಕೂ ಕಾರಿನ ಮೈಗೂ ನಡುವೆ ಇರುವ ಸಂದು ಒಂದೆರಡು ಮಿಲಿಮೀಟರಿನದು. ದೀಪದ ಬತ್ತಿಗೆ ಎಣ್ಣೆ ಏರುವಂತೆ ನೀರು ತಾನಾಗಿಯೇ ಆ ಸಂದಿಗೆ ಸೇರಿಕೊಳ್ಳುತ್ತದೆ. ಶಾಲೆಯ ಪುಸ್ತಕದಲ್ಲಿ ಲೋಮನಾಳದ ಕ್ರಿಯೆ ಎಂದು ಓದುವುದು ಇದನ್ನೇ. ರಾತ್ರಿ ಮೈನಸ್ ಐದಕ್ಕೆ ಇಳಿಯಿತೆನ್ನಿ, ಸಂದಿನ ನೀರು ಮಂಜುಗಡ್ಡೆಯಾಗುತ್ತದೆ. ನೀರು ಗಟ್ಟಿಯಾಗುವಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಮುಚ್ಚಳದ ಸುತ್ತ ಬೆಣೆ ಹೊಡೆದಂತಾಗುತ್ತದೆ. ಮುಚ್ಚಳವನ್ನು ತೆರೆಯುವ ಪುಟ್ಟ ಮೋಟರು ‘ಟಕ್ ಟಕ್’ ಎಂದು ತಿಣುಕಿ ಸುಮ್ಮನಾಗುತ್ತದೆ.

ಬೆಚ್ಚಗಿಡುವ ನಮ್ಮ ಉಪಾಯಗಳೂ ಇದಕ್ಕೆ ಸಹಾಯ ಮಾಡುತ್ತವೆ. ಟ್ರೋಮ್ಸೋ ದ್ವೀಪದ ಬೆಟ್ಟದ ಹೊಟ್ಟೆಯನ್ನು ಕೊರೆದು ಸುರಂಗ ರಸ್ತೆ, ಅದರೊಳಗೇ ವೃತ್ತಗಳು, ಕಾರು ನಿಲ್ದಾಣ ಎಲ್ಲವನ್ನೂ ಮಾಡಿದ್ದಾರೆ. ಹಿಮ ಹೊತ್ತ ಕಾರು ಈ ಬಂಡೆಯ ಮನೆಯೊಳಗೆ ನಾಲ್ಕು ಗಂಟೆ ನಿಂತರೆ ಮೈಯ ಹಿಮವೆಲ್ಲ ನೀರಾಗಿ ಇಳಿಯುತ್ತದೆ. ಒದ್ದೆ ಮೈಯಲ್ಲೇ ಹೊರಗಿನ ಚಳಿಗೆ ಬಂದರೆ ಮುಗಿಯಿತು. ಹಾಗೆಯೇ ಒಳಗಿನ ಹೀಟರಿನಿಂದ ಚಾವಣಿಯ ಹಿಮ ಕರಗಿ, ಪಕ್ಕೆಯ ಮೇಲೆ ಹರಿದು, ತಣ್ಣಗಿರುವ ಮುಚ್ಚಳದ ಬಳಿ ಮತ್ತೆ ಗಟ್ಟಿಯಾಗುವುದೂ ಉಂಟು.

ಬಲ ಬೇಡ, ಉಪಾಯ ಬೇಕು

ಬಾಗಿಲು ಕಚ್ಚಿಕೊಂಡಾಗ ಚಾಕು, ಸ್ಕ್ರೂಡ್ರೈವರ್ ಹಿಡಿದು ಮೀಟುವುದು ಮನುಷ್ಯ ಸ್ವಭಾವ. ಇಲ್ಲಿ ಅದು ಬೇಡ. ಮುಚ್ಚಳದ ಕೀಲುಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವು. ಚಳಿಯಲ್ಲಿ ಪ್ಲಾಸ್ಟಿಕ್ಕು ಹಪ್ಪಳದಂತೆ ಬಿರುಸಾಗುತ್ತದೆ. ಮೀಟಿದರೆ ಮುರಿಯುವುದು ಮಂಜುಗಡ್ಡೆಯಲ್ಲ, ಕೀಲು. ಕುದಿನೀರು ಸುರಿಯುವುದೂ ತಪ್ಪು. ಸುರಿದ ಕ್ಷಣ ಮಂಜು ಕರಗುತ್ತದೆ ನಿಜ, ಆದರೆ ಅದೇ ನೀರು ಇನ್ನೂ ಒಳಕ್ಕೆ ಇಳಿದು ಹತ್ತು ನಿಮಿಷದಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ.

ಅನುಭವಸ್ಥರ ಕ್ರಮವೇ ಬೇರೆ. ಮೊದಲು ಮೃದುವಾದ ಕುಂಚದಿಂದ ಸುತ್ತಲಿನ ಹಿಮ ಗುಡಿಸುತ್ತಾರೆ. ಆಮೇಲೆ ಮುಚ್ಚಳದ ಅಂಚುಗಳನ್ನು ಅಂಗೈಯಿಂದ ಹದವಾಗಿ ತಟ್ಟುತ್ತಾರೆ. ತೆಳುವಾದ ಮಂಜಿನ ಪದರು ಅಷ್ಟಕ್ಕೇ ಬಿರುಕು ಬಿಡುತ್ತದೆ. ಬಗ್ಗದಿದ್ದರೆ, ಸೊಂಟನೋವಿಗೆ ನಾವು ಬಳಸುವಂಥ ರಬ್ಬರಿನ ಬಿಸಿನೀರಿನ ಚೀಲವನ್ನು ತಂದು ಮುಚ್ಚಳಕ್ಕೆ ಒತ್ತಿ ಹಿಡಿಯುತ್ತಾರೆ. ಶಾಖ ಮಾತ್ರ ದಾಟುತ್ತದೆ, ನೀರು ದಾಟುವುದಿಲ್ಲ! ಬೀಗದ ಮಂಜು ಬಿಡಿಸಲು ಅಂಗಡಿಯಲ್ಲಿ ಸಿಗುವ, ಆಲ್ಕೊಹಾಲ್ ಬೆರೆತ ದ್ರವವನ್ನೂ ಅಂಚಿಗೆ ಸಿಂಪಡಿಸುವುದುಂಟು. ಆಲ್ಕೊಹಾಲ್ ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗದು ಎಂಬುದೇ ಇದರ ತತ್ವ. ಆದರೆ ಒಳಗಿನ ವಿದ್ಯುತ್ ಪಿನ್ನುಗಳ ಮೇಲೆ ಇದು ಬೀಳಬಾರದು. ಈಚಿನ ಕೆಲವು ಕಾರುಗಳಲ್ಲಿ ಚಾರ್ಜಿಂಗ್ ಬಾಯಿಗೇ ಪುಟ್ಟ ಹೀಟರನ್ನು ಇಟ್ಟಿದ್ದಾರೆ. ಮೊಬೈಲ್ ಫೋನಿನಲ್ಲಿ ಗುಂಡಿ ಒತ್ತಿ ಅರ್ಧ ಗಂಟೆ ಕಾದರೆ ಅದು ತನ್ನ ಕೆಲಸ ಮಾಡುತ್ತದೆ. ಕೆಲವೊಮ್ಮೆ ತಿಕ್ಕಲು ಉಲ್ಟಾ ಆಗಿ, ಚಾರ್ಜ್ ಮುಗಿದರೂ ಪ್ಲಗ್ಗು ಹೊರಗೆ ಬಾರದೆ ಕಾರು ಕಟ್ಟಿಹಾಕಿದ ಹಸುವಿನಂತೆ ನಿಲ್ಲುವುದೂ ಉಂಟು. ಅದಕ್ಕೆಂದೇ ಹಲವು ಕಾರುಗಳ ಡಿಕ್ಕಿಯಲ್ಲಿ, ಎಳೆದರೆ ಬೀಗ ಬಿಡುವ ಒಂದು ದಾರ ಇಟ್ಟಿರುತ್ತಾರೆ. ಅದೆಲ್ಲಿದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಮೇಲು, ಮುಂಚಿತವಾಗಿ ಮಾಡುವ ಕೆಲಸ. ಹಿಮ ಬೀಳುವ ಮೊದಲೇ, ಒಣಗಿದ ದಿನ ನೋಡಿ, ಮುಚ್ಚಳದ ರಬ್ಬರು ಪಟ್ಟಿಗೆ ಸಿಲಿಕೋನ್ ಸವರುತ್ತಾರೆ. ಸಿಲಿಕೋನಿನ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿಹೋಗುತ್ತದೆ. ಸಾಮಾನ್ಯ ಯಂತ್ರದ ಎಣ್ಣೆ ಬಳಿದರೆ ರಬ್ಬರು ಉಬ್ಬಿ ಕೆಡುತ್ತದೆ. ಕಾರು ತೊಳೆದ ಮೇಲೆ ಸಂದುಗಳನ್ನು ಬಟ್ಟೆಯಿಂದ ಒರೆಸುತ್ತಾರೆ. ಗಾಳಿಮಳೆ ಬಡಿಯುವ ದಿಕ್ಕಿಗೆ ಮುಚ್ಚಳ ಬಾರದಂತೆ ಗಾಡಿ ನಿಲ್ಲಿಸುತ್ತಾರೆ. ಮಳೆ ಬಂದು ರಾತ್ರಿ ಚಳಿ ಬೀಳುವ ಲಕ್ಷಣವಿದ್ದರೆ, ಬ್ಯಾಟರಿ ಅರ್ಧ ತುಂಬಿದ್ದರೂ ಸಂಜೆಯೇ ಪ್ಲಗ್ಗು ಸಿಕ್ಕಿಸಿಬಿಡುತ್ತಾರೆ. ಇದರಲ್ಲಿ ಯಾವುದಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಮುಂಜಾನೆಯ ಕತ್ತಲಲ್ಲಿ ಕಳೆಯುವ ಅರ್ಧ ಗಂಟೆಯನ್ನು ಈ ಐದು ನಿಮಿಷ ಉಳಿಸುತ್ತದೆ.

ಇಷ್ಟೆಲ್ಲ ನಮಗೇಕೆ ಎಂದು ಕೇಳಬಹುದು. ಕನ್ನಡದ ಮನೆಗಳಿಂದ ಓದಲೆಂದು ಶೀತದೇಶಗಳಿಗೆ ಹೋಗುವ ಮಕ್ಕಳು ಈಗ ಸಾಕಷ್ಟು. ಊರಿನಲ್ಲಿ ಕುಳಿತ ಅಪ್ಪ ಅಮ್ಮ ದಿನವೂ ಆ ಊರಿನ ಹವೆಯನ್ನು ಫೋನಿನಲ್ಲಿ ನೋಡುತ್ತಾರೆ. ಮೈನಸ್ 15 ಎಂದು ಕಂಡರೆ ಎದೆ ಧಸಕ್ಕೆನ್ನುತ್ತದೆ. ಎರಡು ಡಿಗ್ರಿ ಎಂದು ಕಂಡರೆ ‘ಸದ್ಯ, ಚಳಿ ಕಡಿಮೆಯಾಯಿತು’ ಎಂದು ನಿಟ್ಟುಸಿರು. ಕಾರಿನ ಮುಚ್ಚಳ ಕಲಿಸುವ ಪಾಠ ಇದಕ್ಕೆ ತಿರುಗುಮುರುಗು. ಒಣ ಚಳಿಗೆ ಒಳ್ಳೆಯ ಕೋಟು, ಉಣ್ಣೆಯ ಕಾಲುಚೀಲ ಇದ್ದರೆ ತಕ್ಕಮಟ್ಟಿಗೆ ಸಾಕು. ಕಾಲುದಾರಿ ಗಾಜಿನಂತೆ ಜಾರುವುದು, ಬಾಗಿಲು ಮುಚ್ಚಳಗಳು ಅಂಟುವುದು, ಬೆಟ್ಟದ ರಸ್ತೆಯಲ್ಲಿ ಚಕ್ರ ಹಿಡಿತ ತಪ್ಪುವುದು, ಎಲ್ಲವೂ ಹೆಚ್ಚಾಗಿ ಸೊನ್ನೆಯ ಆಚೀಚೆಯ ದಿನಗಳಲ್ಲೇ. ಅಂಥ ದಿನ ಟ್ರೋಮ್ಸೋದ ಜನ ಬೂಟಿನ ಅಡಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡೇ ಹೊರಡುತ್ತಾರೆ. ಕಾಲುದಾರಿಗಳ ಮೇಲೆ ಸಣ್ಣ ಜಲ್ಲಿ ಎರಚಿರುತ್ತಾರೆ.

ಆದ್ದರಿಂದ ದೂರದ ಮಗನಿಗೋ ಮಗಳಿಗೋ ಫೋನು ಮಾಡಿದಾಗ ‘ಇವತ್ತು ಎಷ್ಟು ಡಿಗ್ರಿ?’ ಎಂದು ಕೇಳುವುದರ ಜೊತೆಗೆ ‘ನಿನ್ನೆ ಮಳೆ ಬಂದಿತ್ತೇನಪ್ಪಾ?’ ಎಂದೂ ಕೇಳಿ. ‘ಹೌದು’ ಎಂದರೆ, ಬೂಟಿನ ಮುಳ್ಳಿನ ಪಟ್ಟಿ ಮರೆಯಬೇಡ, ಅರ್ಧ ಗಂಟೆ ಮುಂಚೆ ಮನೆ ಬಿಡು ಎಂದು ಹೇಳುವುದು ಒಳ್ಳೆಯದು.