ಚಾರ್ಜರಿಗೂ ಒಂದು ತಕ್ಕಡಿ



ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ನಿಮ್ಮ ಕಣ್ಣು ತಕ್ಕಡಿಯ ಮೇಲೆಯೇ ಇರುತ್ತದೆ. ಹಾಲಿನವನ ಅಳತೆ ತುಸು ಕಡಿಮೆಯಾದರೂ ನೀವು ಸುಮ್ಮನೆ ಬಿಡುವವರಲ್ಲ. ಆದರೆ ಹಗಲಿರುಳು ಗೋಡೆಯಲ್ಲಿ ನೇತಾಡುವ ಮೊಬೈಲ್ ಚಾರ್ಜರ್ ಎಷ್ಟು ವಿದ್ಯುತ್ ಕೊಡುತ್ತಿದೆ ಎಂದು ಎಂದಾದರೂ ಅಳೆದು ನೋಡಿದ್ದೀರಾ? ಅದರ ಮೇಲೆ ಬರೆದಿರುವುದನ್ನು ನಂಬುತ್ತೇವೆ. ಫೋನ್ ಬೇಗ ಚಾರ್ಜ್ ಆಗದಿದ್ದರೆ ‘ಬ್ಯಾಟರಿ ಹೋಯಿತು’ ಎಂದು ತೀರ್ಪನ್ನೂ ಕೊಟ್ಟುಬಿಡುತ್ತೇವೆ.

ಇದನ್ನು ಅಳೆಯಲು ಒಂದು ಪುಟ್ಟ ಸಾಧನವಿದೆ. ಅದರ ಹೆಸರು ಯುಎಸ್‌ಬಿ ಮೀಟರ್. ಗಾತ್ರ ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ, ಬೆಲೆ ಕೆಲವು ನೂರು ರೂಪಾಯಿ. ಐಟಿಐ ಓದುತ್ತಿರುವ ನನ್ನ ತಮ್ಮನ ಮಗ ಅದನ್ನು ನನ್ನ ಕೈಗಿಟ್ಟಾಗ, “ಮದ್ರಸದಲ್ಲಿ ಓದಿ ಬಿ.ಎ. ಮಾಡಿದವಳಿಗೆ ಇದೆಲ್ಲ ಏಕಪ್ಪಾ?” ಎಂದು ನಕ್ಕಿದ್ದೆ. “ಗುಣಾಕಾರ ಬಂದರೆ ಸಾಕು ಫುಪ್ಪೂ” ಎಂದ. ಅವನ ಮಾತು ನಿಜ. ಚಾರ್ಜರ್ ಮತ್ತು ಕೇಬಲ್ ನಡುವೆ ಅದನ್ನು ಸಿಕ್ಕಿಸಿದರೆ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂದು ಪರದೆಯ ಮೇಲೆ ಮೂಡುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್. ನೀರಿಗೆ ಹೋಲಿಸುವುದಾದರೆ ವೋಲ್ಟ್ ಎಂದರೆ ನೀರಿನ ಒತ್ತಡ, ಆಂಪಿಯರ್ ಎಂದರೆ ಹರಿಯುವ ನೀರಿನ ಪ್ರಮಾಣ.

ನಮ್ಮ ಓಣಿಯಲ್ಲಿ ಹೊಲಿಗೆ ಮಾಡಿ ಸಂಸಾರ ತೂಗಿಸುವ ಒಬ್ಬ ಖಾಲಾ ಇದ್ದಾರೆ. ಬಟ್ಟೆಯ ಆರ್ಡರುಗಳು ಬರುವುದು ಮೊಬೈಲಿಗೆ, ದಮ್ಮಾಮ್‌ನಲ್ಲಿರುವ ಮಗನ ಮುಖ ಕಾಣುವುದೂ ಅದರಲ್ಲೇ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಬ್ಯಾಟರಿ ತುಂಬಿರುತ್ತಿರಲಿಲ್ಲ. ಫೋನ್ ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದ್ದರು. ಚೀಟಿಯಿಂದ ಬಂದ ಹಣವನ್ನು ಖಾಲಾ ಅದಕ್ಕೆಂದೇ ಎತ್ತಿಟ್ಟಿದ್ದರು. ಅದು ಮಗಳ ಕಾಲೇಜಿನ ಫೀಸಿಗೆ ಕೂಡಿಸಿದ್ದ ಹಣ.

“ಖಾಲಾ, ಒಂದು ದಿನ ತಡೆಯಿರಿ” ಎಂದು ಮೀಟರ್ ಹಾಕಿ ನೋಡಿದೆ. ವೋಲ್ಟ್ 5.1 ಇತ್ತು, ಆದರೆ ಆಂಪಿಯರ್ ಬರೀ 0.4. ಅಂದರೆ ಸುಮಾರು 2 ವ್ಯಾಟ್. ಅದೇ ಚಾರ್ಜರ್, ಅದೇ ಫೋನ್ ಇಟ್ಟುಕೊಂಡು ಕೇಬಲ್ ಮಾತ್ರ ಬದಲಿಸಿದೆ. ಮೀಟರ್ 5 ವೋಲ್ಟ್, 1.5 ಆಂಪಿಯರ್ ತೋರಿಸಿತು. ಏಳೂವರೆ ವ್ಯಾಟ್! ತಪ್ಪು ಫೋನಿನದಲ್ಲ, ಚಾರ್ಜರಿನದೂ ಅಲ್ಲ, ಸಂತೆಯಲ್ಲಿ ಕೊಂಡ ಆ ಸಪೂರ ಕೇಬಲಿನದು. ಖಾಲಾ ಬಹಳ ಹೊತ್ತು ಆ ಅಂಕಿಗಳನ್ನೇ ನೋಡಿದರು. “ಆಪಾ, ಹಾಗಾದರೆ ಫೀಸು ಕಟ್ಟಬಹುದಲ್ಲಾ?” ಎಂದರು. ಮರುದಿನವೇ ಕಟ್ಟಿದರು.

ಹೀಗೇಕೆ ಆಗುತ್ತದೆ? ಕೇಬಲಿನೊಳಗಿನ ತಾಮ್ರದ ತಂತಿ ತೆಳುವಾದಷ್ಟೂ, ಉದ್ದವಾದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ದಾರಿಯಲ್ಲೇ ವೋಲ್ಟ್ ಇಳಿದುಹೋಗುತ್ತದೆ. ಅದನ್ನು ಗಮನಿಸಿದ ಫೋನ್ ತಾನು ಎಳೆದುಕೊಳ್ಳುವ ಕರೆಂಟನ್ನು ತಗ್ಗಿಸುತ್ತದೆ. ಎಷ್ಟು ಬೇಕೆಂದು ತೀರ್ಮಾನಿಸುವುದು ಫೋನ್, ಚಾರ್ಜರ್ ಅಲ್ಲ ಎಂಬುದು ನೆನಪಿರಲಿ. ಹಾಗಾಗಿ ಹೆಚ್ಚು ಆಂಪಿಯರಿನ ಒಳ್ಳೆಯ ಚಾರ್ಜರ್ ಹಾಕಿದರೆ ಫೋನ್ ಸುಟ್ಟುಹೋದೀತೆಂಬ ಭಯ ಬೇಡ.

ನೀವೂ ಪರೀಕ್ಷಿಸುವುದಾದರೆ, ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇರುವಾಗ ಮಾಡಿ. ಬ್ಯಾಟರಿ ತುಂಬುತ್ತಾ ಬಂದಂತೆ ಫೋನ್ ತಾನಾಗಿಯೇ ಕರೆಂಟ್ ಕಡಿಮೆ ಮಾಡುತ್ತದೆ. ಆಗ ಒಳ್ಳೆಯ ಚಾರ್ಜರೂ ಕೆಟ್ಟದ್ದರಂತೆ ಕಾಣುತ್ತದೆ. ಮೊದಲು ಕೇಬಲ್ ಬದಲಿಸಿ ನೋಡಿ, ನಂತರ ಚಾರ್ಜರ್ ಬದಲಿಸಿ. ಒಮ್ಮೆಗೆ ಒಂದನ್ನು ಮಾತ್ರ. ಸಾಧಾರಣ 5 ವೋಲ್ಟ್ ಚಾರ್ಜರಿನಲ್ಲಿ ಫೋನ್ ಹಾಕಿದೊಡನೆ ವೋಲ್ಟ್ 4.75ಕ್ಕಿಂತ ಕೆಳಗಿಳಿದರೆ ಆ ಚಾರ್ಜರ್ ಸೋತಿದೆ ಎಂದರ್ಥ. ವೇಗದ ಚಾರ್ಜರುಗಳಲ್ಲಿ 9 ವೋಲ್ಟ್ ಕಂಡರೆ ಗಾಬರಿಯಾಗಬೇಡಿ, ಅದು ಫೋನ್ ಮತ್ತು ಚಾರ್ಜರ್ ಮಾಡಿಕೊಂಡ ಒಪ್ಪಂದ.

ಅಳತೆ ಮನೆಯ ಒಂದು ಜಗಳವನ್ನೂ ಮುಗಿಸುತ್ತದೆ. ‘ಮೊಬೈಲಿನಿಂದಲೇ ಕರೆಂಟ್ ಬಿಲ್ ಏರಿತು’ ಎಂಬ ಮಾತು ಯಾವ ಮನೆಯಲ್ಲಿಲ್ಲ? 5000 ಮಿಲಿಆಂಪಿಯರ್ ಅವರ್‌ನ ಬ್ಯಾಟರಿಯೊಳಗೆ ಹಿಡಿಸುವುದು ಸುಮಾರು 19 ವ್ಯಾಟ್ ಅವರ್. ದಾರಿಯಲ್ಲಿ ಸೋರುವುದನ್ನು ಸೇರಿಸಿ 25 ಎಂದಿಟ್ಟುಕೊಳ್ಳಿ. ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ಅಲ್ಲಿಗೆ ಒಂದು ಯೂನಿಟ್ಟಿನಲ್ಲಿ 40 ಸಲ ಫೋನ್ ತುಂಬಿಸಬಹುದು. 2000 ವ್ಯಾಟಿನ ಗೀಸರ್ ಅಷ್ಟನ್ನು ಅರ್ಧ ಗಂಟೆಯಲ್ಲಿ ನುಂಗುತ್ತದೆ. ಸೊಸೆಯ ಮೊಬೈಲಿನ ಮೇಲೆ ಸಿಟ್ಟಾಗುವ ಮೊದಲು ಅತ್ತೆಯಂದಿರು ಈ ಲೆಕ್ಕ ನೋಡಬೇಕು.

ಆದರೆ ಒಂದು ಎಚ್ಚರಿಕೆ. ಚಾರ್ಜರ್ ಹೊರಗೆ ಕೊಡುವುದನ್ನಷ್ಟೇ ಈ ಮೀಟರ್ ಅಳೆಯುತ್ತದೆ. ಗೋಡೆಯಿಂದ ಬರುವ 230 ವೋಲ್ಟನ್ನು ಒಳಗೆ ಸರಿಯಾಗಿ ಬೇರ್ಪಡಿಸಿದ್ದಾರೆಯೇ ಎಂದು ಅದು ಹೇಳಲಾರದು. ಮೀಟರಿನಲ್ಲಿ ಪಾಸಾದ ಅಗ್ಗದ ಚಾರ್ಜರೂ ಶಾಕ್ ಹೊಡೆಯಬಹುದು. ಮೊಬೈಲ್ ಚಾರ್ಜರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ನಮ್ಮ ದೇಶದಲ್ಲಿ ಕಡ್ಡಾಯ. ‘ಆರ್’ ಅಕ್ಷರದಿಂದ ಶುರುವಾಗುವ ಆ ಸಂಖ್ಯೆ ಚಾರ್ಜರಿನ ಮೇಲಿದೆಯೇ ನೋಡಿ. ಅದು ಅಸಲಿಯೇ ಎಂದು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಪರಿಶೀಲಿಸಬಹುದು. ಕೈಸುಡುವಷ್ಟು ಬಿಸಿಯಾಗುವ, ವಾಸನೆ ಬರುವ, ಸಿಪ್ಪೆ ಸುಲಿದ ಚಾರ್ಜರನ್ನು ಅಳೆಯುವ ಗೋಜಿಗೇ ಹೋಗಬೇಡಿ, ಎಸೆದುಬಿಡಿ. ಮಕ್ಕಳ ದಿಂಬಿನಡಿ ಫೋನ್ ಚಾರ್ಜಿಗೆ ಇಡಲೇಬೇಡಿ.

ಮೀಟರನ್ನು ಮನೆಗೊಂದು ಕೊಳ್ಳಬೇಕಿಲ್ಲ, ಓಣಿಗೊಂದಿದ್ದರೆ ಸಾಕು. ‘ಇದೆಲ್ಲ ಗಂಡಸರ ಕೆಲಸ’ ಎಂದು ದೂರ ಸರಿಯಬೇಡಿ. ಅಂಗಡಿಯವರು ಹೊಸ ಫೋನ್ ಕೊಳ್ಳಿ ಎಂದಾಗ “ಅಳೆದು ನೋಡಿದ್ದೀರಾ?” ಎಂದು ಕೇಳಿ. ಆ ಒಂದು ಪ್ರಶ್ನೆಗೆ ಕಾಸಿನ ಖರ್ಚಿಲ್ಲ.